ಸೂರಿಲ್ಲದ ಕಾರು

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಒಂದು ಫೋಟೋ ಇದೆ. ಬಂದವರಿಗೆಲ್ಲ ಆಲ್ಬಂ ತೋರಿಸುವ ಚಟ ನನ್ನ ಅಮ್ಮನಿಗಿತ್ತು. ಮದುವೆ, ಮುಂಜಿ, ನಾಮಕರಣ ಎಲ್ಲವನ್ನೂ ಬೆರಳಿಟ್ಟು ವಿವರಿಸುತ್ತಿದ್ದವಳು ಈ ಪುಟ ಬಂದಾಗ ಮಾತ್ರ ಎರಡು ಹಾಳೆಗಳನ್ನು ಒಟ್ಟಿಗೇ ಮಗುಚಿಬಿಡುತ್ತಿದ್ದಳು. ಫೋಟೋದಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ನನ್ನ ಅಕ್ಕ ಒಂದು ಪುಟ್ಟ ಕೆಂಪು ಕಾರಿಗೆ ಒರಗಿ ನಿಂತಿದ್ದಾಳೆ. ತಲೆಗೊಂದು ಹೂವಿನ ಸ್ಕಾರ್ಫು. ಪಕ್ಕದ ಸೀಟಿನಲ್ಲಿ ಎರಡೂವರೆ ವರ್ಷದ ಪುಟ್ಟಿ ಬೆಲ್ಟು ಬಿಗಿಸಿಕೊಂಡು ಕೂತಿದ್ದಾಳೆ. ಆಕಾಶ ನೀಲಿಯಾಗಿದೆ. ಕಾರಿಗೆ ಮಾತ್ರ ಸೂರಿಲ್ಲ.

ಆ ಫೋಟೋ ನಮ್ಮ ಮನೆಗೆ ಬಂದದ್ದು 1996ರ ಮೇ ತಿಂಗಳ ಕೊನೆಯಲ್ಲಿ. ತೀರ್ಥಹಳ್ಳಿಯಲ್ಲಿ ಮೇ ಕೊನೆ ಎಂದರೆ ಹೆಂಗಸರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಮಳೆ ಹಿಡಿಯುವುದರೊಳಗೆ ಹಲಸಿನ ಹಪ್ಪಳ ಒಣಗಬೇಕು, ಸೌದೆ ಒಳಗೆ ಸೇರಬೇಕು, ಹೆಂಚು ಕೈಯಾಡಿಸಬೇಕು. ಅಮ್ಮ ಅಂಗಳದಲ್ಲಿ ಹಪ್ಪಳಕ್ಕೆ ಕಾಗೆ ಕಾಯುತ್ತಿದ್ದಾಗ ಪೋಸ್ಟ್‌ಮ್ಯಾನ್ ಬಂದ. ಅಕ್ಕನಿಂದ ಯಾವಾಗಲೂ ಬರುತ್ತಿದ್ದದ್ದು ನೀಲಿ ಏರೋಗ್ರಾಂ. ಈ ಸಲ ದಪ್ಪ ಲಕೋಟೆ. ಒಳಗೆ ಫೋಟೋ ಇದೆ ಎಂದು ಮುಟ್ಟಿದ ಕೂಡಲೇ ಗೊತ್ತಾಯಿತು.

ಅಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಫೋಟೋ ಹಿಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, “ಸೂರೇ ಇಲ್ವಲ್ಲೇ ಇದಕ್ಕೆ!” ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಅಮ್ಮನನ್ನು ದೂರಿ ಪ್ರಯೋಜನವಿಲ್ಲ ಬಿಡಿ. ಆಗುಂಬೆ ನಮ್ಮೂರಿಗೆ ಒಂದು ಗಂಟೆಯ ದಾರಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಸೀಮೆಯ ಮಗ್ಗುಲಲ್ಲಿ ಹುಟ್ಟಿ ಬೆಳೆದವಳಿಗೆ ಸೂರಿಲ್ಲದ ವಾಹನ ಎಂದರೆ ಎತ್ತಿನ ಗಾಡಿ ಒಂದೇ. ಜೀಪಿಗಾದರೂ ಟಾರ್ಪಾಲಿರುತ್ತದೆ. “ಅಮೆರಿಕಾದಲ್ಲಿ ಇದ್ದುಕೊಂಡು ಸೂರಿರುವ ಕಾರು ತಗೊಳ್ಳೋಕೆ ಆಗಲಿಲ್ವೇನೇ ಅವರಿಗೆ? ಅಷ್ಟು ಕಷ್ಟವಾ?” ಎಂದು ಕೇಳಿದಳು. “ಅಯ್ಯೋ ಅಮ್ಮ, ಅದು ಶ್ರೀಮಂತರ ಕಾರು. ಸಿನಿಮಾದಲ್ಲಿ ನೋಡಿಲ್ವಾ? ಬೇಕೂ ಅಂತಲೇ ಟಾಪು ತೆಗೆದು ಗಾಳಿಗೆ ಓಡಿಸ್ತಾರೆ” ಎಂದೆ ನಾನು, ಎಲ್ಲ ತಿಳಿದವಳ ಹಾಗೆ.

ಅಮ್ಮ ನನ್ನ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. “ಕಾಗದ ಇನ್ನೊಂದು ಸಲ ಓದು” ಎಂದಳು. ಓದಿದೆ. “ಹಳೆಯ ಕಾರೊಂದನ್ನು ಕೊಂಡೆ. ಎರಡು ಸಾವಿರದ ನಾನೂರು ಡಾಲರ್. ಓಡಿಸುವುದನ್ನೂ ಕಲಿತೆ. ಪುಟ್ಟಿಗೆ ತುಂಬಾ ಇಷ್ಟ” ಎಂದು ಬರೆದಿದ್ದಳು ಅಕ್ಕ. “‘ಕೊಂಡೆ’ ಅಂತಲೇ ಬರೆದಿದ್ದಾಳಾ?” ಎಂದು ಕೇಳಿದಳು ಅಮ್ಮ. ಹೌದು ಎಂದೆ. ಅವಳು ಮತ್ತೆ ಮಾತಾಡದೆ ಹಪ್ಪಳ ಮಗುಚಲು ಎದ್ದುಹೋದಳು.

ನನ್ನ ಅಂದಿನ ಮನಸ್ಸನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು. ನನಗಾಗ ಇಪ್ಪತ್ತೇಳು. ಬಿ.ಎ., ಬಿ.ಎಡ್. ಮುಗಿಸಿ ಅನುದಾನಿತ ಹೈಸ್ಕೂಲೊಂದರಲ್ಲಿ ಕನ್ನಡದ ಟೀಚರಾಗಿ ಸೇರಿ ಎರಡು ವರ್ಷವಾಗಿತ್ತು. ಎಂ.ಎ. ಮಾಡಬೇಕೆಂಬ ಹುಚ್ಚು ನನಗೆ ಬಹಳವಿತ್ತು. ಆದರೆ 1991ರಲ್ಲಿ ಅಕ್ಕನ ಮದುವೆಯಾಯಿತು. ಅಮೆರಿಕದ ವರ ಎಂದ ಮೇಲೆ ಕೇಳಬೇಕೆ? ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದರು. ಸಾಲ ತೀರುವ ಮೊದಲೇ ಅವರಿಗೆ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಯಿತು. ನನ್ನ ಎಂ.ಎ. ಅಲ್ಲಿಗೇ ನಿಂತಿತು. ನನ್ನ ಸಂಬಳದಲ್ಲಿ ಕಂತು ಕಟ್ಟುತ್ತ, ಅಪ್ಪನಿಗೆ ಎಣ್ಣೆ ನೀವುತ್ತ, ಬಸ್ಸಿನಲ್ಲಿ ಜೋತುಬಿದ್ದು ಶಾಲೆಗೆ ಹೋಗುತ್ತಿದ್ದವಳ ಕೈಗೆ ಈ ಫೋಟೋ ಬಂತು. ಡಾಲರಿಗೆ ಮೂವತ್ತೈದು ರೂಪಾಯಿಯಂತೆ ಕೂತು ಗುಣಿಸಿದೆ. ಎಂಬತ್ತನಾಲ್ಕು ಸಾವಿರ! ಹತ್ತಿರಹತ್ತಿರ ನನ್ನ ಎರಡು ವರ್ಷದ ಸಂಬಳ. ನನ್ನ ಎಂ.ಎ. ಅಲ್ಲಿ ಟಾಪು ತೆಗೆದುಕೊಂಡು ಗಾಳಿಗೆ ಓಡಾಡುತ್ತಿದೆ ಅನ್ನಿಸಿತು.

ಅದೇ ರಾತ್ರಿ ಅಕ್ಕನಿಗೆ ಕಾಗದ ಬರೆದೆ. ಈಗ ನೆನೆದರೂ ಮುಖ ಬಿಸಿಯಾಗುತ್ತದೆ. “ನಿನಗೇನಮ್ಮ, ಸೂರಿಲ್ಲದ ಕಾರಿನಲ್ಲಿ ಸಿನಿಮಾ ನಾಯಕಿಯ ಹಾಗೆ ಓಡಾಡುತ್ತೀ. ಇಲ್ಲಿ ನಮ್ಮ ಅಡುಗೆಮನೆಯ ಸೂರು ಸೋರುತ್ತಿದೆ. ಅಮ್ಮ ಒಲೆಯ ಮೇಲೆ ಕೊಡೆ ಹಿಡಿದು ಅಡುಗೆ ಮಾಡುತ್ತಾಳೆ” ಎಂದು ಬರೆದಿದ್ದೆ. ಕೊಡೆಯ ಮಾತು ಸುಳ್ಳು. ಸೋರುತ್ತಿದ್ದ ಮೂಲೆಗೆ ಅಮ್ಮ ತಪ್ಪಲೆ ಇಡುತ್ತಿದ್ದಳು, ಅಷ್ಟೆ. ಬರೆದ ಮೇಲೆ ಮನಸ್ಸಿಗೆ ಹಾಯೆನಿಸಿತು. ಹೊಟ್ಟೆಕಿಚ್ಚಿಗೂ ಒಂದು ಹಾಯಿದೆ ಎಂಬುದು ಅನುಭವಿಸಿದವರಿಗೆ ಗೊತ್ತು.

ಜುಲೈ ತಿಂಗಳಲ್ಲಿ ಉತ್ತರ ಬಂತು. ಕಾಗದದಲ್ಲಿ ಎರಡೇ ಸಾಲು. ಜೊತೆಗೆ ನೂರು ಡಾಲರಿನ ಡ್ರಾಫ್ಟು. “ಅಡುಗೆಮನೆಯ ಸೂರಿಗೆ” ಎಂದು ಬರೆದಿದ್ದಳು. ನನ್ನ ಕುಹಕ ಅವಳಿಗೆ ತಾಗಿತೋ ಇಲ್ಲವೋ ತಿಳಿಯಲಿಲ್ಲ. ಮಳೆ ಬಿಟ್ಟ ಮೇಲೆ, ದೀಪಾವಳಿಯ ಹೊತ್ತಿಗೆ, ಹಳೆಯ ರೀಪು ಕಿತ್ತು ಹೊಸ ಮಂಗಳೂರು ಹೆಂಚು ಹೊದಿಸಿದೆವು. ಅಮೆರಿಕದಲ್ಲಿರುವವಳಿಗೆ ನೂರು ಡಾಲರು ಯಾವ ಲೆಕ್ಕ ಎಂದುಕೊಂಡು ನಾನು ಸುಮ್ಮನಾದೆ. ಒಂದು ಕೃತಜ್ಞತೆಯ ಸಾಲನ್ನೂ ಬರೆಯಲಿಲ್ಲ.

1998ರ ಯುಗಾದಿಯ ಮರುದಿನ ಅಕ್ಕ ಫೋನು ಮಾಡಿದಳು. ಪಕ್ಕದ ಮನೆಯವರ ಫೋನಿನಲ್ಲಿ ಅಮ್ಮ ಮಾತಾಡಿದಳು. ಗಂಡ ಮನೆ ಬಿಟ್ಟು ಹೋಗಿ ಎರಡೂವರೆ ವರ್ಷವಾಯಿತು, ಈಗ ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು ಎಂಬ ಸುದ್ದಿ. ಪಕ್ಕದ ಮನೆಯವರೆದುರು ಅಮ್ಮ ಬರೀ “ಹೂಂ, ಹೂಂ, ಪುಟ್ಟಿ ಊಟ ಸರಿಯಾಗಿ ಮಾಡ್ತಾಳಾ?” ಎಂದಷ್ಟೇ ಹೇಳಿ ಫೋನಿಟ್ಟಳು. ಮನೆಗೆ ಬಂದು ಅಪ್ಪನಿಗೂ ನನಗೂ ವಿಷಯ ತಿಳಿಸಿದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ನಾನು ಅಳತೊಡಗಿದೆ. ಅಮ್ಮನ ಕಣ್ಣಲ್ಲಿ ಮಾತ್ರ ನೀರಿರಲಿಲ್ಲ.

“ನನಗೆ ಆ ಫೋಟೋ ಬಂದ ದಿನವೇ ಗೊತ್ತಾಗಿತ್ತು ಕಣೇ. ಅದಕ್ಕೆ ಎರಡೇ ಸೀಟು” ಎಂದಳು.

ನಾನು ಓಡಿಹೋಗಿ ಆಲ್ಬಂ ತೆಗೆದೆ. ಹೌದು, ಎರಡೇ ಸೀಟು. ಹಿಂದೆ ಸೀಟಿರಬೇಕಾದ ಜಾಗದಲ್ಲಿ ಸಾಮಾನಿಡುವ ಒಂದು ಕಟ್ಟೆ. ಗಂಡ, ಹೆಂಡತಿ, ಮಗು. ಜನ ಮೂವರು, ಸೀಟು ಎರಡು. ಅಕ್ಕ ಬರೆದದ್ದು “ಕೊಂಡೆವು” ಎಂದಲ್ಲ, “ಕೊಂಡೆ” ಎಂದು. ದಿನಕ್ಕೆ ಐದು ಪೀರಿಯಡ್ ವಚನ, ವಿಭಕ್ತಿ ಎಂದು ಮಕ್ಕಳ ತಲೆ ತಿನ್ನುವ ಕನ್ನಡ ಟೀಚರಿಗೆ ಏಕವಚನ ಕಾಣಿಸಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮನಿಗೆ ಕಾಣಿಸಿತು. ನಾನು ಆ ಫೋಟೋದಲ್ಲಿ ಇಲ್ಲದ ಟಾಪನ್ನು ನೋಡಿದೆ. ಅವಳು ಇಲ್ಲದ ಮನುಷ್ಯನನ್ನು ನೋಡಿದಳು.

“ಮತ್ಯಾಕಮ್ಮ ಕೇಳಲಿಲ್ಲ ಅವಳನ್ನ?” ಎಂದೆ. “ಅವಳಾಗಿ ಹೇಳೋ ತನಕ ಕೇಳಬಾರದು ಅನ್ನಿಸ್ತು. ಕೇಳಿದ್ರೆ ನಿಮ್ಮಪ್ಪ ಇನ್ನೊಂದು ಸಾಲ ಮಾಡಿ ಟಿಕೆಟ್ ಕಳಿಸಿ ಕರೆಸಿಬಿಡ್ತಿದ್ರು. ಇಲ್ಲಿಗೆ ಬಂದು ಏನು ಮಾಡ್ತಾಳೆ? ಊರವರ ಬಾಯಿಗೆ ಎಲೆ ಅಡಿಕೆಯಾಗ್ತಾಳೆ. ಅಲ್ಲಿ ಕಾರು ಓಡಿಸೋದಾದ್ರೂ ಕಲ್ತಿದ್ದಾಳಲ್ಲ” ಎಂದಳು.

ಅಪ್ಪ 2001ರಲ್ಲಿ ಹೋದರು, ಅಮ್ಮ 2011ರಲ್ಲಿ. ಅಕ್ಕ ನಡುವೆ ನಾಲ್ಕೈದು ಸಲ ಬಂದುಹೋದಳು. ಬಂದಾಗೆಲ್ಲ ಮನೆ ತುಂಬ ಜನ. ಆ ಕಾಲದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಕೆದಕಲಿಲ್ಲ. ನನಗೂ ಮದುವೆಯಾಗಿ, ಮಗ ದೊಡ್ಡವನಾದ. ಕಡೆಗೆ 2023ರ ಬೇಸಿಗೆ ರಜೆಯಲ್ಲಿ ಅಕ್ಕನ ಒತ್ತಾಯಕ್ಕೆ ನಾನೊಬ್ಬಳೇ ಒಹಾಯೊ ರಾಜ್ಯದ ಕೊಲಂಬಸ್ಸಿಗೆ ಹೋದೆ. ಒಂದು ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಇಬ್ಬರೂ ಬೀನ್ಸ್ ಸೋಸುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ: “ಅಲ್ಲ ಅಕ್ಕ, ಅಷ್ಟು ಕಷ್ಟದಲ್ಲಿ ಆ ಷೋಕಿ ಕಾರು ಯಾಕೆ ತಗೊಂಡೆ?”

ಅಕ್ಕ ಜೋರಾಗಿ ನಕ್ಕಳು. “ಷೋಕಿಯಾ? ಮಾರಾಯ್ತಿ, ಆ ಅಂಗಡಿಯಲ್ಲಿ ಅದಕ್ಕಿಂತ ಕಡಿಮೆಯ ಕಾರೇ ಇರಲಿಲ್ಲ!”

ಅಂದು ಅವಳು ಹೇಳಿದ ಕಥೆಯನ್ನು ಇಲ್ಲಿ ಚಿಕ್ಕದಾಗಿ ಬರೆಯುತ್ತೇನೆ. ಗಂಡ ಹೋದಾಗ ಇದ್ದೊಂದು ಕಾರನ್ನೂ ತೆಗೆದುಕೊಂಡು ಹೋದ. ಅಕ್ಕನಿಗೆ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರವೊಂದರಲ್ಲಿ ಕೆಲಸ ಸಿಕ್ಕಿತು, ಗಂಟೆಗೆ ಐದು ಡಾಲರು. ಆಗ ಅಲ್ಲಿ ಕಾನೂನು ಗೊತ್ತು ಮಾಡಿದ್ದ ಕನಿಷ್ಠ ಕೂಲಿ ನಾಲ್ಕೂಕಾಲು ಡಾಲರು. ಅದು ಮನೆಯಿಂದ ಒಂಬತ್ತು ಮೈಲಿ, ಬಸ್ಸಿನ ದಾರಿಯಿಲ್ಲ. ಅಲ್ಲೇ ಅಡುಗೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯ ಹೆಂಗಸು ಇವಳನ್ನು ತನ್ನ ಕಾರಿನಲ್ಲಿ ಕರೆತರುತ್ತ, ಭಾನುವಾರಗಳಂದು ಖಾಲಿ ಮೈದಾನದಲ್ಲಿ ಗೇರು, ಕ್ಲಚ್ಚು ಕಲಿಸಿದಳಂತೆ. 1995ರ ಡಿಸೆಂಬರಿನಲ್ಲಿ ಹಳೆ ಕಾರಿನ ಅಂಗಡಿಗೆ ಕರೆದುಕೊಂಡು ಹೋದವಳೂ ಅವಳೇ. “ಹಿಮ ಬೀಳುವಾಗ ಟಾಪು ತೆಗೆಯುವ ಕಾರನ್ನು ಯಾರೂ ಕೇಳುವುದಿಲ್ಲ. ಈಗಲೇ ತಗೋ, ಮಾರ್ಚಿ ಬಂದರೆ ರೇಟು ಏರುತ್ತದೆ” ಎಂಬ ಗುಟ್ಟು ಹೇಳಿಕೊಟ್ಟಳಂತೆ. ನಮ್ಮಲ್ಲಿ ಕೊಡೆಯನ್ನು ಬೇಸಿಗೆಯಲ್ಲಿ ಕೊಳ್ಳುವ ಜಾಣತನವೇ ಅದು.

ಆ ಕಾರಿನ ಕುಲಗೋತ್ರ ಕೇಳಿದಾಗ ನನಗೆ ಆಶ್ಚರ್ಯವಾಯಿತು. ಹೆಸರು ಜಿಯೋ ಮೆಟ್ರೋ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಜಪಾನೀ ಸಣ್ಣ ಕಾರುಗಳಿಗೆ ಎದುರಾಗಿ 1989ರಲ್ಲಿ ‘ಜಿಯೋ’ ಎಂಬ ಹೆಸರಿಟ್ಟು ಮಾರಾಟ ಶುರು ಮಾಡಿತು. 1997ರ ಹೊತ್ತಿಗೆ ಆ ಹೆಸರನ್ನೇ ಕೈಬಿಟ್ಟಿತು. ಹೆಸರು ಅಮೆರಿಕದ್ದಾದರೂ ಒಳಗಿನ ಜೀವ ಸುಜುಕಿಯದು. ಅದರ ಮೂಲ ಸುಜುಕಿಯ ಕಲ್ಟಸ್ ಎಂಬ ಕಾರು. ಟಾಪು ತೆಗೆಯುವ ಮಾದರಿ ಬಂದದ್ದು 1990ರಿಂದ 1993ರವರೆಗೆ ಮಾತ್ರ. ಆ ಕಾಲದಲ್ಲಿ ಹೆಸರು ಮಾಡಿದ್ದ ತೆರೆದ ಕಾರು ಮಜ್ದಾ ಕಂಪನಿಯ ಮಿಯಾಟಾ. 1989ರಲ್ಲಿ ಅದರ ಬೆಲೆ 13,800 ಡಾಲರು. ಈ ಮೆಟ್ರೋ ಹೊಸದಾಗಿದ್ದಾಗಲೂ ಹತ್ತು ಸಾವಿರದ ಆಸುಪಾಸು. ಮೂರು ಸಿಲಿಂಡರಿನ, ಒಂದು ಲೀಟರಿನ ಎಂಜಿನ್ನು, 55 ಕುದುರೆಗಳ ಶಕ್ತಿ. ಹರೆಯದ ಹುಡುಗರು, ಮೊದಲ ಕೆಲಸಕ್ಕೆ ಸೇರಿದವರು, ಗಾಳಿಯ ಆಸೆ ಇದ್ದೂ ಕಾಸಿಲ್ಲದವರು ಕೊಳ್ಳುತ್ತಿದ್ದ ಕಾರು. ಗ್ಯಾಲನ್ನಿಗೆ ನಲವತ್ತು ಮೈಲಿಯಂತೆ, ಅಂದರೆ ಲೀಟರಿಗೆ ಹದಿನೇಳು ಕಿಲೋಮೀಟರಿನಂತೆ ಓಡುತ್ತಿತ್ತು. ಅಕ್ಕನಿಗೆ ಬೇಕಿದ್ದದ್ದು ಗಾಳಿಯಲ್ಲ, ಈ ಲೆಕ್ಕ.

ಇನ್ನೊಂದು ಸಂಗತಿ ಹೇಳಿದರೆ ನಿಮಗೂ ಸೋಜಿಗವಾದೀತು. ನಮ್ಮಲ್ಲಿ 1990ರಲ್ಲಿ ಬಂದ ಮಾರುತಿ 1000, ಆಮೇಲೆ 1994ರಲ್ಲಿ ಬಂದ ಎಸ್ಟೀಮ್, ಇವು ಕೂಡ ಅದೇ ಕಲ್ಟಸ್‌ನ ಡಿಕ್ಕಿಯಿರುವ ರೂಪಗಳು. ಅಂದರೆ ನಮ್ಮ ಬೀದಿಯ ಡಾಕ್ಟರರ ಮನೆಯ ಮುಂದೆ ನಿಲ್ಲುತ್ತಿದ್ದ ಬಿಳಿಯ ಮಾರುತಿಯೂ ಅಕ್ಕನ ಕೆಂಪು ಕಾರೂ ಒಂದೇ ತಾಯಿಯ ಮಕ್ಕಳು. ಒಂದು ಸೂರಿನಡಿ ಉಳಿಯಿತು, ಇನ್ನೊಂದು ಸೂರಿಲ್ಲದೆ ದೇಶಾಂತರ ಹೋಯಿತು. ಇದನ್ನು ಕೇಳಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಬಡವರ ತೆರೆದ ಕಾರಿನ ಸಂಸಾರ ಹೇಗಿರುತ್ತದೆ ಗೊತ್ತೇ? ಟಾಪು ಬಟ್ಟೆಯದು. ಗುಂಡಿ ಒತ್ತಿದರೆ ತಾನೇ ಮಡಚಿಕೊಳ್ಳುವುದೆಲ್ಲ ದುಡ್ಡಿದ್ದವರ ಕಾರಿನಲ್ಲಿ. ಇದರಲ್ಲಿ ಮುಂದಿನ ಗಾಜಿನ ಮೇಲಿನ ಎರಡು ಕೊಂಡಿ ಬಿಚ್ಚಿ ಕೈಯಲ್ಲೇ ಹಿಂದಕ್ಕೆ ಮಡಚಬೇಕು. ಹಿಂದಿನ ಕಿಟಕಿ ಗಾಜಿನದಲ್ಲ, ಪ್ಲಾಸ್ಟಿಕ್ಕಿನದು. ಬಿಸಿಲಿಗೆ ಮಬ್ಬಾಗುತ್ತದೆ, ಚಳಿಗೆ ಸೆಡೆತು ಮಡಚಿದರೆ ಸೀಳುತ್ತದೆ. ಹಿಮದ ತಿಂಗಳುಗಳಲ್ಲಿ ಅಕ್ಕ ಬೆಳಗ್ಗೆ ಐದೂವರೆಗೆದ್ದು ಟಾಪಿನ ಮೇಲಿನ ಹಿಮವನ್ನು ಪೊರಕೆಯಿಂದ ಗುಡಿಸುತ್ತಿದ್ದಳು. ಪುಟ್ಟಿಗೆ ಎರಡು ಸ್ವೆಟರು ಹಾಕಿ, ಪಕ್ಕದ ಸೀಟಿನಲ್ಲಿ ಕಟ್ಟಿ ಕೂರಿಸುತ್ತಿದ್ದಳು.

ಆಗ ಅಕ್ಕ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸೂರು ತೆಗೆದರೆ ಕಾರು ಹಗುರವಾಗಬೇಕು ತಾನೆ? ಆಗುವುದಿಲ್ಲವಂತೆ. ಮುಚ್ಚಿದ ರಟ್ಟಿನ ಪೆಟ್ಟಿಗೆಯನ್ನು ಹಿಡಿದು ತಿರುಚಿ ನೋಡಿ, ಗಟ್ಟಿಯಾಗಿರುತ್ತದೆ. ಮೇಲಿನ ಮುಚ್ಚಳ ಕತ್ತರಿಸಿ ತಿರುಚಿ, ಬಳುಕಿಹೋಗುತ್ತದೆ. ಕಾರಿಗೂ ಸೂರು ಬರೀ ನೆರಳಲ್ಲ, ಮೈಯ ಬಿಗಿ ಹಿಡಿಯುವುದೂ ಅದೇ. ಅದನ್ನು ತೆಗೆದ ಮೇಲೆ ತಳಕ್ಕೆ, ಪಕ್ಕಗಳಿಗೆ ಹೆಚ್ಚು ಉಕ್ಕು ಕೊಟ್ಟು ಬಲಪಡಿಸಬೇಕು. ಹೀಗಾಗಿ ಸೂರಿಲ್ಲದ ಕಾರು ಸೂರಿರುವ ಅದೇ ಕಾರಿಗಿಂತ ಭಾರವಾಗುತ್ತದೆ. “ಮೆಕ್ಯಾನಿಕ್ ಇದನ್ನು ಹೇಳಿದ ದಿನ ನಾನು ಮನೆಗೆ ಬಂದು ಅತ್ತೆ” ಎಂದಳು ಅಕ್ಕ. ಯಾಕೆ ಎಂದು ನಾನು ಕೇಳಲಿಲ್ಲ.

“ಹಾಗಾದರೆ ಟಾಪು ತೆಗೆದು ಓಡಿಸಿದ್ದೇ ಇಲ್ವಾ?” ಎಂದೆ. “ಫೋಟೋಕ್ಕೆ ಒಂದು ದಿನ. ನೀವೆಲ್ಲ ನಾನು ಚೆನ್ನಾಗಿದ್ದೀನಿ ಅಂದುಕೊಳ್ಳಲಿ ಅಂತ. ಆಮೇಲೆ ಕೋರ್ಟಿನ ಕಾಗದ ಬಂದ ದಿನ ಒಂದು ಸಲ. ಚಳಿ ಇತ್ತು. ಹೀಟರು ಹಾಕಿ, ಟಾಪು ತೆಗೆದು, ಪುಟ್ಟಿಗೆ ಟೋಪಿ ಹಾಕಿ ಅರ್ಧ ಗಂಟೆ ಓಡಿಸಿದೆ. ಅವಳು ‘ಇನ್ನೂ ಜೋರು, ಇನ್ನೂ ಜೋರು’ ಅಂತ ಕೂಗ್ತಿದ್ದಳು. 55 ಕುದುರೆ ಎಷ್ಟು ಜೋರು ಓಡೀತು!” ಎಂದು ನಕ್ಕಳು.

ಆಮೇಲೆ ಅವಳು ಸಹಜವಾಗಿ, ಬೀನ್ಸಿನ ನಾರು ತೆಗೆಯುತ್ತಲೇ ಹೇಳಿದ ಮಾತು ಇದು: “ಎರಡನೇ ಚಳಿಗಾಲ ಮಾತ್ರ ಕಷ್ಟವಾಯ್ತು. ಟಾಪು ಹರಿದಿತ್ತು. ಹೊಸದಕ್ಕೆ ಅಂತ ಸ್ವಲ್ಪ ಸ್ವಲ್ಪ ಎತ್ತಿಟ್ಟಿದ್ದೆ. ಆಗ ನಿನ್ನ ಕಾಗದ ಬಂತಲ್ಲ, ಅಮ್ಮ ಕೊಡೆ ಹಿಡಿದು ಅಡುಗೆ ಮಾಡ್ತಾಳೆ ಅಂತ. ಅದನ್ನೇ ಕಳಿಸಿಬಿಟ್ಟೆ. ಆ ವರ್ಷ ಟೇಪು ಅಂಟಿಸಿಕೊಂಡು ಓಡಿಸಿದೆ.”

ನನ್ನ ಕೈಯಲ್ಲಿದ್ದ ಬೀನ್ಸು ಕೈಯಲ್ಲೇ ಉಳಿಯಿತು. ನೂರು ಡಾಲರು ಎಂದರೆ ಇಪ್ಪತ್ತು ಗಂಟೆಯ ದುಡಿಮೆ. ಬೇರೆಯವರ ಇಪ್ಪತ್ತು ಮಕ್ಕಳ ಮೂಗು ಒರೆಸಿ, ಬಟ್ಟೆ ಬದಲಿಸಿ ಗಳಿಸಿದ ದುಡ್ಡು. ಇಲ್ಲದ ಕೊಡೆಯೊಂದನ್ನು ಬರೆದು ನಾನು ಅವಳ ತಲೆಯ ಮೇಲಿನ ಬಟ್ಟೆಯನ್ನೂ ಕಿತ್ತುಕೊಂಡಿದ್ದೆ. ಅಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನೆಲ್ಲ ಆ ದಿನ ಹೇಳಿದೆ: ಕೊಡೆ ಸುಳ್ಳು, ಹೊಟ್ಟೆಕಿಚ್ಚು ನಿಜ, ಎಂ.ಎ. ಹೋದ ಸಿಟ್ಟು ನಿಜ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಿನ್ನ ಎಂ.ಎ. ವಿಷಯ ನನಗೆ ಯಾರೂ ಹೇಳಲೇ ಇಲ್ಲ ಕಣೇ” ಎಂದಳು. ನಾವು ಹೇಳಿರಲಿಲ್ಲ, ನಿಜ. ಅವಳು ಚೆನ್ನಾಗಿರಲಿ ಎಂದು ನಾವು, ನಾವು ಚೆನ್ನಾಗಿರಲಿ ಎಂದು ಅವಳು, ಎರಡು ಕಡೆಯಿಂದಲೂ ನಗುಮುಖದ ಫೋಟೋಗಳನ್ನೇ ಕಳಿಸಿಕೊಂಡಿದ್ದೆವು.

ನಾನು ಹೊರಡುವ ಮುಂಚಿನ ಭಾನುವಾರ ಹತ್ತಿರದ ಮೈದಾನದಲ್ಲಿ ಹಳೆಯ ಕಾರುಗಳ ಒಂದು ಜಾತ್ರೆಯಿತ್ತು. ಬೇಸಿಗೆಯಲ್ಲಿ ಅಲ್ಲಿನವರು ತಮ್ಮ ಹಳೆಯ ಗಾಡಿಗಳನ್ನು ಉಜ್ಜಿ ತಂದು ನಿಲ್ಲಿಸುತ್ತಾರೆ. ಹಡಗಿನಂಥ ದೊಡ್ಡ ದೊಡ್ಡ ಕಾರುಗಳ ನಡುವೆ ಒಂದು ಪುಟ್ಟ ಮೆಟ್ರೋ, ಟಾಪು ಮಡಚಿಕೊಂಡು ನಿಂತಿತ್ತು. ಬಣ್ಣ ನೀಲಿ. ಅಕ್ಕ ಸರ್ರನೆ ನಿಂತುಬಿಟ್ಟಳು. ಅವಳ ಕಾರು ಹೋಗಿ ಆಗಲೇ ಹತ್ತೊಂಬತ್ತು ವರ್ಷ. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ತಿಂದು ತಳ ತುಕ್ಕು ಹಿಡಿದು 2004ರಲ್ಲಿ ಗುಜರಿಗೆ ಹೋಯಿತು. ನಾಲ್ಕು ವರ್ಷ ಕಳೆದು, 2008ರಲ್ಲಿ, ಅಲ್ಲಿ ಪೆಟ್ರೋಲು ಗ್ಯಾಲನ್ನಿಗೆ ನಾಲ್ಕು ಡಾಲರು ದಾಟಿದಾಗ ಜನ ಇದೇ ಹಳೆಯ ಮೆಟ್ರೋಗಳನ್ನು ಹುಡುಕಿ ಹುಡುಕಿ ಕೊಂಡರಂತೆ.

ಕಾರಿನ ಯಜಮಾನ ಒಳ್ಳೆಯ ಮನುಷ್ಯ. ಅಕ್ಕನ ಕಥೆ ಕೇಳಿ “ಕೂತುಕೊಳ್ಳಿ” ಎಂದು ಬೀಗದ ಕೈಯನ್ನೇ ಕೊಟ್ಟ. ಅಕ್ಕ ಸ್ಟೀರಿಂಗಿನ ಹಿಂದೆ, ನಾನು ಪುಟ್ಟಿ ಕೂರುತ್ತಿದ್ದ ಜಾಗದಲ್ಲಿ. ಎಂಜಿನ್ನು ಶುರುವಾಯಿತು. ಆ ಸದ್ದು ನನಗೆ ಗೊತ್ತು! ನಮ್ಮೂರ ಬೀದಿಬೀದಿಯಲ್ಲಿ ಓಡಾಡಿದ ಮಾರುತಿ 800ರ ಎಂಜಿನ್ನೂ ಮೂರು ಸಿಲಿಂಡರಿನದೇ, ಸುಜುಕಿಯದೇ. ಅದೇ ಗುರುಗುರು, ಅದೇ ಸಣ್ಣ ನಡುಕ. ಕಣ್ಣು ಮುಚ್ಚಿದರೆ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡು. ಅಕ್ಕನಿಗೆ ಇಷ್ಟು ವರ್ಷ ದಿನಾ ಬೆಳಗ್ಗೆ ಈ ಸದ್ದು ಕೇಳಿಸುತ್ತಿತ್ತಲ್ಲ ಎಂದು ಸಮಾಧಾನವಾಯಿತು. ಮೈದಾನವನ್ನು ಒಂದು ಸುತ್ತು ಹಾಕಿದೆವು. ನೆತ್ತಿಯ ಮೇಲೆ ಆಕಾಶ ಇಷ್ಟು ಹತ್ತಿರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಊರಿಗೆ ಮರಳಿ ಬಂದಾಗ ಮಳೆಗಾಲ ಹಿಡಿದಿತ್ತು. ಅಮ್ಮನ ಅಡುಗೆಮನೆಯಲ್ಲೇ ನಾನೀಗ ಅಡುಗೆ ಮಾಡುವುದು. 1996ರಲ್ಲಿ ಹೊದಿಸಿದ ಹೆಂಚು ಇಂದಿಗೂ ಗಟ್ಟಿಯಾಗಿದೆ, ಒಂದು ಹನಿ ಸೋರುವುದಿಲ್ಲ. ಆಷಾಢದ ರಾತ್ರಿ ಮಳೆ ಹೆಂಚಿನ ಮೇಲೆ ಹೊಡೆಯುವಾಗ ಒಲೆಯ ಮುಂದೆ ನಿಂತು ಮೇಲೆ ನೋಡುತ್ತೇನೆ. ಮನೆಗೆ ಬಂದವರಿಗೆ ಈಗ ನಾನೂ ಆಲ್ಬಂ ತೋರಿಸುತ್ತೇನೆ. ಆ ಪುಟವನ್ನು ಮಗುಚಿ ಹಾಕುವುದಿಲ್ಲ. “ಅಯ್ಯೋ, ಈ ಕಾರಿಗೆ ಸೂರೇ ಇಲ್ವಲ್ಲ!” ಎಂದು ಯಾರಾದರೂ ಕೇಳಿದರೆ, “ಇದೆ. ನೀವು ಅದರ ಕೆಳಗೇ ಕೂತಿದ್ದೀರಿ” ಎನ್ನುತ್ತೇನೆ.